ನಲವತ್ತೊಂದು ಕಂದು ಗಂಟು

ಗಂಟತ್ತೆಯ ಮನೆಗೆ ಹೋದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಸಾಲದು, ಒಳಗೆ ಹೋದ ಮೇಲೆ ಬೆರಳಿನ ಉಂಗುರವನ್ನೂ ತೆಗೆದಿಡಬೇಕಿತ್ತು. ಯಾಕೆಂದರೆ ಅವಳು ಮಾಡಿದ ರತ್ನಗಂಬಳಿಯ ಮೇಲೆ ಯಾರಾದರೂ ಒಬ್ಬರು ನಡೆದು ನೋಡದೆ ಅದು ಹೊಸ್ತಿಲು ದಾಟುವಂತಿರಲಿಲ್ಲ. ರತ್ನಗಂಬಳಿ ಎಂದರೆ ಅಂಗೈಯಷ್ಟು ಇರುತ್ತಿತ್ತು, ಹೆಚ್ಚೆಂದರೆ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು. ಅದರ ಮೇಲೆ ಕಾಲಲ್ಲಿ ನಡೆಯುವ ಯೋಗ ಇರುವೆಗೆ ಮಾತ್ರ. ಹಾಗಾಗಿ ಮನುಷ್ಯರಾದವರು ತೋರುಬೆರಳು, ನಡುಬೆರಳುಗಳನ್ನೇ ಕಾಲು ಮಾಡಿಕೊಂಡು ಈ ತುದಿಯಿಂದ ಆ ತುದಿಗೆ ನಡೆದು, ಎಲ್ಲಾದರೂ ಚುಚ್ಚಿತೇ, ಎಲ್ಲಾದರೂ ತಗ್ಗು ಸಿಕ್ಕಿತೇ ಎಂದು ವರದಿ ಒಪ್ಪಿಸಬೇಕು. ಹಾಲು ಹಾಕುವವನಿಂದ ಹಿಡಿದು ಕರೆಂಟಿನ ಮೀಟರು ನೋಡಲು ಬಂದವನವರೆಗೆ ಎಲ್ಲರೂ ಆ ಮನೆಯಲ್ಲಿ ಬೆರಳಲ್ಲಿ ನಡೆದವರೇ. ಒಬ್ಬ ವಿಮೆ ಏಜೆಂಟನಂತೂ ಉಂಗುರ ಬಿಗಿಯಾಗಿದೆಯೆಂದು ಸೋಪು ಹಚ್ಚಿ ಎಳೆದಾಡಿ, ಬಚ್ಚಲಿಗೆ ಎರಡು ಸಲ ಹೋಗಿ ಬಂದು, ಕೊನೆಗೆ ನಡೆದು, ಚೆನ್ನಾಗಿದೆ ಎಂದು ಹೇಳಿ, ತಾನು ಬಂದ ಕೆಲಸವನ್ನೇ ಮರೆತು ಮನೆಗೆ ಹೋಗಿದ್ದ.

ಅವಳ ಕೆಲಸ ಬೊಂಬೆಮನೆಗಳಿಗೆ ರತ್ನಗಂಬಳಿ ಮಾಡುವುದು. ನಿಜವಾದ ಮನೆಯ ಒಂದು ಅಡಿಗೆ ಬೊಂಬೆಮನೆಯಲ್ಲಿ ಒಂದು ಅಂಗುಲ. ದಪ್ಪ ಹತ್ತಿ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಸೂಜಿಯನ್ನು ಕೆಳಗಿಂದ ಮೇಲಕ್ಕೆ ತಂದು, ಅದರ ಮೂತಿಗೆ ಒಂದೆಳೆ ದಾರವನ್ನು ಎರಡು ಸುತ್ತು ಸುತ್ತಿ, ಬಂದ ದಾರಿಯ ಪಕ್ಕದಲ್ಲೇ ಮತ್ತೆ ಕೆಳಕ್ಕೆ ಇಳಿಸಬೇಕು. ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣದೊಂದು ಗಂಟು ಉಳಿಯುತ್ತದೆ. ಅಂಗುಲದ ಸಾಲಿಗೆ ಅಂಥವು ಹದಿನೆಂಟು. ಒಮ್ಮೆ ಕೂತ ಗಂಟನ್ನು ಬಿಚ್ಚಲು ಬರುವುದಿಲ್ಲ, ಬೇಡವೆಂದರೆ ಕತ್ತರಿಸಿಯೇ ತೆಗೆಯಬೇಕು. ಮೂವತ್ತೊಂದು ವರ್ಷದಲ್ಲಿ ಗಂಟತ್ತೆ ಒಂದೇ ಒಂದು ಗಂಟನ್ನೂ ಕತ್ತರಿಸಿರಲಿಲ್ಲ. ಇದನ್ನು ಅವಳೇ ಹೇಳುತ್ತಿದ್ದಳು, ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರನ್ನು ಕೂರಿಸಿಕೊಂಡೂ ಹೇಳುತ್ತಿದ್ದಳು.

ಎಣಿಕೆ ತಪ್ಪಿದರೆ ಬಳ್ಳಿ ಸೊಟ್ಟ, ಹೂವಿಗೆ ಎಸಳು ಹೆಚ್ಚು. ಆದ್ದರಿಂದ ಅವಳ ಬಾಯಲ್ಲಿ ಸದಾ ಎಣಿಕೆ. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆಯಲ್ಲೇ ಉತ್ತರ. ಗಂಡ, ಅಂದರೆ ಕೈಗಡಿಯಾರ ರಿಪೇರಿ ಮಾಡಿ ಮಾಡಿ ಬೆನ್ನು ಬಾಗಿಸಿಕೊಂಡು ಮನೆಯಲ್ಲಿ ಕೂತಿದ್ದ ಗಡಿಯಾರದ ಮಾವ, “ಊಟಕ್ಕೆ ಏಳ್ತೀಯಾ?” ಎಂದು ಕೇಳಿದರೆ ಅವಳು “ಮುನ್ನೂರ ಹನ್ನೆರಡು” ಎನ್ನುತ್ತಿದ್ದಳು. ಮುಖ ಗಂಟಿಕ್ಕಿಕೊಂಡು ಹೇಳಿದರೆ ಇನ್ನೂ ಹೊತ್ತಿದೆ ಎಂದೂ, ರಾಗ ಎಳೆದು ಹೇಳಿದರೆ ತಟ್ಟೆ ಹಾಕು ಎಂದೂ ಮಾವನಿಗೆ ಅರ್ಥವಾಗುತ್ತಿತ್ತು. ಮಗಳ ಮದುವೆಯ ಮಾತುಕತೆಯ ದಿನ ಬೀಗರು, “ಏನಮ್ಮಾ, ನಮ್ಮ ಹುಡುಗ ನಿಮಗೆ ಒಪ್ಪಿಗೆ ತಾನೆ?” ಎಂದದ್ದಕ್ಕೆ ಅವಳು ತಲೆಯೆತ್ತದೆ, “ಎರಡು ಸಾವಿರದ ಒಂಬತ್ತು” ಎಂದುಬಿಟ್ಟಿದ್ದಳು. ಬೀಗರು ಹೆಣ್ಣಿನ ಕಡೆಯಿಂದ ಅಷ್ಟು ಜನ ನೆಂಟರು ಬರುತ್ತಾರೆಂದುಕೊಂಡು ಬೆವತುಹೋದರು. “ಒಪ್ಪಿಗೆ ಅಂತಲೇ ಅದರರ್ಥ, ತುಂಬ ಸಂತೋಷದಲ್ಲಿ ಹೇಳಿದಾಳೆ” ಎಂದು ಮಾವ ಸಮಾಧಾನ ಮಾಡಬೇಕಾಯಿತು.

ಇವೆಲ್ಲ ಸಹಿಸಿಕೊಂಡು ಜನ ಅವಳ ಹತ್ತಿರವೇ ಯಾಕೆ ಹೋಗುತ್ತಿದ್ದರೆಂದರೆ, ಅವಳ ನಕಲು ಅಸಲಿಗಿಂತ ಅಸಲು. “ನಾನು ಕಂಡಿದ್ದನ್ನ ಹಾಕ್ತೀನಿ, ಕಾಣದ್ದನ್ನ ಹಾಕಲ್ಲ” ಎನ್ನುವುದು ಅವಳ ಪಟ್ಟು. ನಾಯಿ ಕಚ್ಚಿದ ಅಂಚನ್ನು ಕಚ್ಚಿದಂತೆಯೇ ಹಾಕುತ್ತಿದ್ದಳು. ಒಬ್ಬ ವಕೀಲರು ಸಿಗರೇಟು ಬಿಟ್ಟು ಆರು ವರ್ಷವಾಯಿತೆಂದು ಮನೆಯಲ್ಲಿ ನಂಬಿಸಿದ್ದರು. ಅವರ ಮನೆಯ ರತ್ನಗಂಬಳಿಯ ನಕಲಿನಲ್ಲಿ, ಸೋಫಾದ ಕೆಳಗೆ ಬರುವ ಜಾಗದಲ್ಲಿ, ಎರಡು ಕಪ್ಪು ಗಂಟು ಇದ್ದವು. ವಕೀಲರ ಹೆಂಡತಿ ಸೋಫಾ ಸರಿಸಿ ನೋಡಿದರು. ವಕೀಲರು ಕೋರ್ಟಿನಲ್ಲಿ ಎಷ್ಟು ದೊಡ್ಡ ಬಾಯಿ ಮಾಡುತ್ತಿದ್ದರೋ ಮನೆಯಲ್ಲಿ ಅಷ್ಟೇ ತೆಪ್ಪಗಾದರು. ಅಂದಿನಿಂದ ಊರಲ್ಲಿ ಯಾರ ಮನೆಯಲ್ಲಾದರೂ ವಾದ ಬಂದರೆ, ಗಂಟತ್ತೆಯ ಗಂಟು ಏನು ಹೇಳುತ್ತದೆ ಎಂದು ಕೇಳುವ ಮಟ್ಟಿಗೆ ಬಂತು. ಅವಳಿಗೂ ಅದು ತಲೆಗೇರಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಹೀಗಿರುವಾಗ ನೀರು ಸರಬರಾಜು ಕಚೇರಿಗೆ ಐವತ್ತು ವರ್ಷ ತುಂಬಿತು. ಐವತ್ತು ವರ್ಷದ ನೆನಪಿಗೆ ಜನಕ್ಕೆ ಒಂದಿಷ್ಟು ನೀರು ಹೆಚ್ಚಿಗೆ ಬಿಡಬಹುದಿತ್ತು. ಕಚೇರಿಯವರು ಹಾಗೆ ಮಾಡಲಿಲ್ಲ, ಕಚೇರಿಯದೇ ಒಂದು ಪುಟ್ಟ ಮಾದರಿ ಮಾಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಬಾಗಿಲ ಹತ್ತಿರ ಇಡುವುದೆಂದು ತೀರ್ಮಾನಿಸಿದರು. ಒಬ್ಬ ಬಡಗಿ ಕೋಣೆ, ಮೇಜು, ಕುರ್ಚಿ, ಬೀರು, ಧೂಳು ಹಿಡಿದ ಕಡತಗಳ ಕಟ್ಟು ಸಮೇತ ಎಲ್ಲವನ್ನೂ ಮಾಡಿಕೊಟ್ಟ. ಮುಖ್ಯಾಧಿಕಾರಿಗಳ ಕೋಣೆಯ ರತ್ನಗಂಬಳಿ ಗಂಟತ್ತೆಯ ಪಾಲಿಗೆ ಬಂತು. ಒಂಬತ್ತು ಅಡಿ ಉದ್ದ, ಆರು ಅಡಿ ಅಗಲ, ಸುತ್ತ ಕಡುಗೆಂಪು ಅಂಚು, ನಡುವೆ ಕೆನೆ ಬಣ್ಣದ ಬಯಲು, ಬಯಲ ತುಂಬ ಹಸಿರು ಬಳ್ಳಿ. ನಕಲಿಗೆ ಬೇಕಾದ ಗಂಟು ಹದಿನೇಳು ಸಾವಿರದ ನಾನೂರ ತೊಂಬತ್ತಾರು.

ಅಳತೆ, ಬಣ್ಣ ಬರೆದುಕೊಳ್ಳಲು ಅವಳು ನಾಲ್ಕು ದಿನ ಆ ಕೋಣೆಯ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಮೇಲೆ ಮುಖ್ಯಾಧಿಕಾರಿಗಳ ಸಭೆಗಳು ನಡೆಯುತ್ತಲೇ ಇದ್ದವು. ಒಬ್ಬ ಕಂಟ್ರಾಕ್ಟರನು ಅವಳ ಕೈ ತುಳಿದು, ಕ್ಷಮೆ ಕೇಳುವ ಬದಲು ಪೈಪಿನ ಬಗ್ಗೆ ದೂರು ಹೇಳಿಕೊಂಡ. ಅವಳನ್ನು ಮನುಷ್ಯಳೆಂದು ಕಂಡವಳು ಆ ಕಚೇರಿ ಗುಡಿಸುವಾಕೆ ಒಬ್ಬಳೇ. ದಿನಾ ಬೆಳಿಗ್ಗೆ ಹಿಂಬಾಗಿಲಿನಿಂದ ಬಂದು ಕುರ್ಚಿ ಸರಿಸಿ ಜಾಗ ಮಾಡಿ, ಮಂಡಿಯ ಕೆಳಗಿಟ್ಟುಕೊಳ್ಳಲು ಮಡಚಿದ ಗೋಣಿಚೀಲ ತಂದುಕೊಡುತ್ತಿದ್ದಳು. “ಅಕ್ಕಾ, ನಿಮಗೂ ನನಗೂ ಒಂದೇ ಎತ್ತರದ ಕೆಲಸ” ಎಂದು ನಕ್ಕಿದ್ದಳು.

ಮೂರು ತಿಂಗಳು ಕಳೆಯಿತು. ಸಮಾರಂಭಕ್ಕೆ ಒಂದು ದಿನ ಉಳಿದಿರುವಾಗ, ಬೆಳಿಗ್ಗೆ ಹತ್ತು ಗಂಟೆಗೆ, ಇನ್ನು ನಲವತ್ತನಾಲ್ಕೇ ಗಂಟು ಎಂಬಲ್ಲಿಗೆ ಕೆಲಸ ಬಂದಿತ್ತು. ಚೌಕಟ್ಟಿನ ಹತ್ತಿರ ತಿನ್ನುವುದು, ಕುಡಿಯುವುದು ಏನೂ ಬರಕೂಡದು ಎಂಬುದು ಆ ಮನೆಯ ಕಾನೂನು. ಆ ಕಾನೂನು ಮುರಿದ ತಪ್ಪಿಗೆ ಮಾವ ಒಮ್ಮೆ ಎರಡು ದಿನ ಹಿತ್ತಿಲಲ್ಲಿ ಕೂತು ಕಾಫಿ ಕುಡಿದಿದ್ದ. ಆದರೆ ಅಂದು ಗಂಟತ್ತೆಗೆ ಹಿಗ್ಗು. ಮಾಡಿದ್ದನ್ನು ನೋಡುತ್ತ ಒಂದು ಗುಟುಕು ಕಾಫಿ ಕುಡಿಯೋಣ ಎನಿಸಿತು. ಲೋಟ ಹಿಡಿದು ಬಗ್ಗಿದಳು. ಲೋಟದ ತಳದಲ್ಲಿ ಅಂಟಿಕೊಂಡಿದ್ದ ಒಂದು ಹನಿ, ಕೆನೆ ಬಯಲಿನ ಎಡಮೂಲೆಯಲ್ಲಿ, ಟಪ್ ಎಂದು ಬಿತ್ತು.

ತೊಳೆದರೆ ಕೆಂಪು ದಾರ ಬಣ್ಣ ಬಿಟ್ಟು ಇಡೀ ಬಯಲು ಗುಲಾಬಿಯಾಗುತ್ತದೆ. ಕತ್ತರಿಸಿ ಮತ್ತೆ ಕೆನೆ ಗಂಟೇ ಹಾಕೋಣವೆಂದರೆ, ಕೆಳಗಿನ ಬಟ್ಟೆಗೇ ಕಾಫಿ ಇಳಿದಿದೆ, ಸಂದಿಯಲ್ಲಿ ಇಣುಕುತ್ತದೆ. ಉಳಿದ ದಾರಿ ಎರಡು. ಕಚೇರಿಗೆ ಹೋಗಿ, ಚೆಲ್ಲಿಬಿಟ್ಟೆ, ಇನ್ನು ಮೂರು ತಿಂಗಳು ಕೊಡಿ ಎನ್ನುವುದು ಒಂದು. ಗಂಟತ್ತೆ ಎರಡನೆಯದನ್ನು ಹಿಡಿದಳು. ಹನಿ ಬಿದ್ದ ಜಾಗದ ನಲವತ್ತೊಂದು ಕೆನೆ ಗಂಟುಗಳನ್ನು ಕತ್ತರಿಸಿ ತೆಗೆದು, ಅಲ್ಲಿ ನಲವತ್ತೊಂದು ಕಂದು ಗಂಟು ಹಾಕಿದಳು. ಕಚೇರಿಯ ರತ್ನಗಂಬಳಿಯ ಮೇಲೆ ಯಾರೋ ಕಾಫಿ ಚೆಲ್ಲಿದ್ದಾರೆ, ತಾನು ಕಂಡದ್ದನ್ನು ಹಾಕಿದ್ದೇನೆ ಎಂಬ ಹಾಗೆ. ಹಿಂದೆ ಲೈನಿಂಗ್ ಬಟ್ಟೆ ಹೊಲಿದು ಮುಚ್ಚಿ, ಸಂಜೆಗೆ ಸರಿಯಾಗಿ ಒಪ್ಪಿಸಿದಳು. ಅಂದು ಯಾರನ್ನೂ ಬೆರಳಲ್ಲಿ ನಡೆಯಲು ಕರೆಯಲಿಲ್ಲ.

ಮರುದಿನ ಹಾರ, ಭಾಷಣ ಎಲ್ಲ ಮುಗಿದ ಮೇಲೆ ಮುಖ್ಯಾಧಿಕಾರಿಗಳು ಭೂತಗನ್ನಡಿ ಹಿಡಿದು ತಮ್ಮದೇ ಪುಟ್ಟ ಕೋಣೆಯೊಳಗೆ ಇಣುಕಿದರು. ಹುಬ್ಬು ಗಂಟಿಕ್ಕಿತು.

“ಇದೇನಮ್ಮಾ ಇಲ್ಲಿ, ಕಂದು?”

ಸುತ್ತ ನಲವತ್ತು ಜನ. ಅಷ್ಟೂ ಜನ ತನ್ನ ಬಾಯನ್ನೇ ನೋಡುತ್ತಿದ್ದಾರೆ ಎಂದು ಗಂಟತ್ತೆಗೆ ಅನಿಸಿತು. ನನ್ನ ಕೈ ತಪ್ಪಿ ಬಿತ್ತು ಎಂದರೆ ಆಗಿಹೋಗುತ್ತಿತ್ತು.

“ಕಲೆ. ಇತ್ತು, ಹಾಕಿದೀನಿ” ಎಂದಳು.

ಮುಖ್ಯಾಧಿಕಾರಿಗಳು ತಮ್ಮ ಕೋಣೆಗೆ ಓಡಿದರು. ಹೆಡ್ ಗುಮಾಸ್ತ ಹಿಂದೆ ಓಡಿದ. ಹೂವಿನ ಹಾರ ಹಾಕಿಕೊಂಡಿದ್ದ ಅತಿಥಿಗಳೂ ಓಡಿದರು. ಸಂದರ್ಶಕರ ಕುರ್ಚಿಯ ಎಡಗಾಲಿನ ಹತ್ತಿರ ಎಲ್ಲರೂ ಮಂಡಿಯೂರಿ ನೋಡಿದರು. ಕೆನೆ ಬಯಲು ಕೆನೆಯಾಗಿಯೇ ಇತ್ತು. ಕಲೆಯ ಸುಳಿವೂ ಇಲ್ಲ. ಬುದ್ಧಿ ನೆಟ್ಟಗಿರುವ ಯಾರೇ ಆಗಲಿ, ಈ ಹೆಂಗಸು ತಪ್ಪಾಗಿ ಹಾಕಿದ್ದಾಳೆ ಎಂದು ಹೇಳಿ ಊಟಕ್ಕೆ ಹೋಗುತ್ತಿದ್ದರು. ಆದರೆ ವಕೀಲರ ಸಿಗರೇಟಿನ ಕಥೆ ಎಲ್ಲರಿಗೂ ಗೊತ್ತಿತ್ತಲ್ಲ. ಮುಖ್ಯಾಧಿಕಾರಿಗಳು ತಮ್ಮ ಕಣ್ಣನ್ನು ನಂಬಲಿಲ್ಲ, ಗಂಟತ್ತೆಯ ಗಂಟನ್ನು ನಂಬಿದರು.

“ಗಂಟತ್ತೆ ಹಾಕಿದಾರೆ ಅಂದ್ಮೇಲೆ ಕಲೆ ಇತ್ತು. ಈಗ ಇಲ್ಲ. ಹಾಗಾದ್ರೆ ಎಲ್ಲಿ ಹೋಯ್ತು?” ಎಂದರು.

ಹೆಡ್ ಗುಮಾಸ್ತ ಸಾಮಾನಿನ ರಿಜಿಸ್ಟರು ತೆಗೆದ. ಕಚೇರಿಯ ಯಾವ ವಸ್ತುವಿನ ಸ್ಥಿತಿಯನ್ನೂ ಮೇಲಿನವರ ಅನುಮತಿಯಿಲ್ಲದೆ ಬದಲಾಯಿಸಕೂಡದು ಎಂಬ ನಿಯಮ ಅದರ ಮೊದಲ ಪುಟದಲ್ಲೇ ಇತ್ತು. ಕಲೆಯಿದ್ದ ವಸ್ತು ಕಲೆಯಿಲ್ಲದ ವಸ್ತುವಾಗಿದೆ. ಇದು ಬದಲಾವಣೆ. ಅನುಮತಿಯ ಕಾಗದ ಹುಡುಕಿದರು, ಸಿಗಲಿಲ್ಲ. ಆ ರತ್ನಗಂಬಳಿಯನ್ನು ದಿನಾ ಮುಟ್ಟುವವರು ಯಾರು ಎಂದು ಕೇಳಿದರೆ ಉತ್ತರ ಒಂದೇ. ಗುಡಿಸುವಾಕೆಯ ಕೈಗೆ ಮೂರು ಪ್ರಶ್ನೆಗಳ ನೋಟೀಸು ಬಂತು: ಕಲೆಯನ್ನು ಯಾವ ದಿನ ತೆಗೆದಿರಿ, ಯಾವ ದ್ರವದಿಂದ ತೆಗೆದಿರಿ, ಯಾರ ಅಪ್ಪಣೆಯ ಮೇಲೆ ತೆಗೆದಿರಿ.

“ನಾನು ತೆಗೆದಿಲ್ಲ ಸಾರ್. ಅಲ್ಲಿ ಕಲೆ ಇರ್ಲೇ ಇಲ್ಲ” ಎಂದಳು ಅವಳು.

“ಇಲ್ಲದಿರೋದಕ್ಕೇ ಅಲ್ವೇನಮ್ಮಾ ನಿನ್ನ ಕೇಳ್ತಿರೋದು!” ಎಂದ ಹೆಡ್ ಗುಮಾಸ್ತ.

ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಕೂಡದೆಂದು ಆಕೆಯನ್ನು ಮನೆಗೆ ಕಳಿಸಿದರು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಮುಖ್ಯಾಧಿಕಾರಿಗಳು ದೊಡ್ಡ ಮನಸ್ಸು ಮಾಡಿಯಾರು, ಬರೆಯದಿದ್ದರೆ ಇಪ್ಪತ್ತೆರಡು ವರ್ಷದ ಕೆಲಸ ಕೈಬಿಟ್ಟು ಹೋದ ಹಾಗೆ ಎಂದರು. ಗಂಟತ್ತೆ ಆಗ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು, ಸೆರಗಿನ ತುದಿ ಹಿಡಿದುಕೊಂಡಳು, ಮನೆಗೆ ಹೋದಳು.

ಇತ್ತ ಕಚೇರಿಗೆ ಇನ್ನೊಂದು ತಲೆನೋವು ಹತ್ತಿಕೊಂಡಿತು. ಗಾಜಿನ ಪೆಟ್ಟಿಗೆಯ ಮೇಲೆ “ಇದ್ದಂತೆಯೇ ಮಾಡಿದ ಮಾದರಿ” ಎಂದು ಹಿತ್ತಾಳೆ ಫಲಕ ಬೇರೆ ಹಾಕಿಸಿದ್ದರು. ಮಾದರಿಯಲ್ಲಿ ಕಲೆ, ಕೋಣೆಯಲ್ಲಿ ಇಲ್ಲ. ಫಲಕ ತೆಗೆಸಲು ಹೊಸ ಮಂಜೂರಾತಿ ಬೇಕು, ಕಲೆ ಹಾಕಲು ಬೇಡ. ಹಾಗಾಗಿ ಕಲೆಯನ್ನು ಮೊದಲಿದ್ದ ಜಾಗದಲ್ಲಿ ಮತ್ತೆ ಸ್ಥಾಪಿಸಲು ಮೂವರ ಸಮಿತಿಯಾಯಿತು. ಮೊದಲ ದಿನ ಕ್ಯಾಂಟೀನಿನ ಕಾಫಿ ಚೆಲ್ಲಿದರು. ಅದು ಎಷ್ಟು ನೀರಾಗಿತ್ತೆಂದರೆ ಒಣಗಿದ ಮೇಲೆ ಆ ಜಾಗ ಮೊದಲಿಗಿಂತ ಸ್ವಚ್ಛವಾಗಿ ಕಂಡಿತು. ಎರಡನೇ ದಿನ ಎರಡು ಲೋಟ ಚೆಲ್ಲಿದರು, ಅದೂ ಹತ್ತಲಿಲ್ಲ. ಮೂರನೇ ದಿನ ಹೆಡ್ ಗುಮಾಸ್ತ ಹಟ ಹಿಡಿದು ಮನೆಯಿಂದಲೇ ಗಟ್ಟಿ ಡಿಕಾಕ್ಷನ್ ತಂದು ಸುರಿದ. ಅಂಗೈಯಗಲ ಆಗಬೇಕಿದ್ದ ಕಲೆ ಹರಿದು ಹರಿದು ಊಟದ ತಟ್ಟೆಯಷ್ಟಾಯಿತು. ಸಮಿತಿ ತಲೆಯ ಮೇಲೆ ಕೈ ಹೊತ್ತು ಕೂತಿತು.

ಆರನೇ ದಿನ ಮಧ್ಯಾಹ್ನ ಗುಡಿಸುವಾಕೆ ಗಂಟತ್ತೆಯ ಮನೆಗೆ ಬಂದಳು. ಬಾಗಿಲಲ್ಲಿ ಅವಳನ್ನು ಕಂಡು ಗಂಟತ್ತೆಯ ಕೈಯ ಸೂಜಿ ಜಾರಿತು. ಬೈಯಲು ಬಂದಿದ್ದಾಳೆ, ಬೈಯಲಿ, ಬೈದರೆ ಎದೆಯ ಭಾರ ಇಳಿದೀತು ಎಂದುಕೊಂಡಳು. ಅವಳು ಬೈಯಲಿಲ್ಲ. ಚೀಲದಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದಳು.

“ಅಕ್ಕಾ, ತಪ್ಪೊಪ್ಪಿಗೆ ಬರೀಬೇಕು. ಕಲೆ ಹೇಗಿತ್ತು ಅಂತ ವಿವರವಾಗಿ ಬರೀಬೇಕಂತೆ. ನಂಗೆ ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ. ನೀವು ನೋಡಿದೀರಲ್ಲ, ಸ್ವಲ್ಪ ಹೇಳಿ.”

“ನೀನು ತೊಳೆದಿಲ್ಲ ಅಂದ್ಯಲ್ಲ?”

“ತೊಳೆದಿಲ್ಲ ಅಂತಲೇ ಅಂದ್ಕೊಂಡಿದ್ದೆ. ಆದ್ರೆ ನೀವು ಸುಳ್ಳು ಹಾಕೋರಲ್ವಲ್ಲ. ನಾನೇ ಮರೆತಿರ್ಬೇಕು. ದಿನಾ ನೂರೆಂಟು ಒರೆಸ್ತೀನಿ, ಯಾವುದು ಅಂತ ನೆನಪಿಟ್ಕೊಳ್ಳಲಿ.”

ಇದಕ್ಕಿಂತ ಕಪಾಳಕ್ಕೆ ಎರಡು ಬಿಗಿದಿದ್ದರೆ ಗಂಟತ್ತೆ ತಡೆದುಕೊಳ್ಳುತ್ತಿದ್ದಳು. ಬಾಯಿ ಬಿಟ್ಟು ಹೇಳಲು ಅದೇ ಸಮಯ, ಅದೇ ಜಾಗ. ಹೇಳುವವರು ಕೇಳುವವರು ಬಿಟ್ಟರೆ ಮೂರನೆಯವರಿರಲಿಲ್ಲ. ಆದರೂ ಮೂವತ್ತೊಂದು ವರ್ಷ ಎನ್ನುವುದು ಅಡ್ಡ ಬಂತು. ಅವಳು ಏನು ಮಾಡಿದಳೆಂದರೆ, ಹೇಳಲು ನನಗೇ ಸಿಟ್ಟು ಬರುತ್ತದೆ, ಕಲೆಯನ್ನು ವರ್ಣಿಸಿದಳು. ಹುರುಳಿಕಾಯಿಯ ಬೀಜದ ಆಕಾರ, ಒಂದು ಕಡೆ ಸ್ವಲ್ಪ ತಗ್ಗು, ಅಂಗೈಯಗಲ, ಕುರ್ಚಿಯ ಎಡಗಾಲಿನಿಂದ ನಾಲ್ಕು ಬೆರಳು ಆಚೆ, ಅಂಚಿನಲ್ಲಿ ಬಣ್ಣ ಗಾಢ, ನಡುವೆ ತೆಳು. ಗುಡಿಸುವಾಕೆ ಒಂದೊಂದು ಅಕ್ಷರವನ್ನೂ ನಿಧಾನವಾಗಿ ಬರೆದುಕೊಂಡಳು. ಹೋಗುವಾಗ, “ಉಪಕಾರ ಆಯ್ತು ಅಕ್ಕಾ” ಎಂದಳು.

ಮಾವ ಒಳಕೋಣೆಯಲ್ಲಿ ಹಳೆಯ ಗಡಿಯಾರವೊಂದರ ಹೊಟ್ಟೆ ಬಗೆದು ಕೂತಿದ್ದವನು ಎದ್ದು ಬಂದ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ತೆಗೆದು ಕೈಯಲ್ಲಿ ಹಿಡಿದ.

“ಅದು ನಮ್ಮನೆ ಕಾಫಿ” ಎಂದ.

“ನಿಮಗೆ ಗೊತ್ತಿತ್ತಾ?”

“ನೀನು ಲೈನಿಂಗ್ ಹಾಕೋ ಮೊದ್ಲೇ ನೋಡ್ದೆ. ಹಿಂಭಾಗದಲ್ಲಿ ಉಂಗುರದ ಹಾಗೆ ಇತ್ತು.”

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೇಳ್ದೆ. ನೀನು ‘ಹದಿನೇಳು ಸಾವಿರದ ನಾನೂರ ಅರವತ್ತು’ ಅಂದೆ. ನಂಗೆ ಅದು ‘ಬಾಯಿ ಮುಚ್ಕೊಂಡಿರಿ’ ಅಂತ ಕೇಳಿಸ್ತು.”

ಗಂಟತ್ತೆಗೆ ಅಳು ಬಂತು, ಅದರ ಹಿಂದೆಯೇ ಗಂಡನ ಮೇಲೆ ಸಿಟ್ಟೂ ಬಂತು. ಸಿಟ್ಟು ಗಂಡನ ಮೇಲಲ್ಲ ಎಂದು ಗೊತ್ತಿದ್ದೂ ಎರಡು ದಿನ ಅವನೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಹೊಸ ಬಟ್ಟೆ ಬಿಗಿದು ಕೂತರೆ ಎಣಿಕೆ ಹತ್ತರಿಂದ ಮುಂದೆ ಹೋಗದು. ಹತ್ತಾದ ಮೇಲೆ ಹನ್ನೊಂದು ಬರಬೇಕಾದಲ್ಲಿ ಆ ಹೆಂಗಸಿನ ಬಿಳಿ ಹಾಳೆ ಕಣ್ಣಿಗೆ ಕಟ್ಟುತ್ತಿತ್ತು. ಒಮ್ಮೆ ಚಪ್ಪಲಿ ಮೆಟ್ಟಿಕೊಂಡು ಕಚೇರಿಯ ಗೇಟಿನವರೆಗೆ ಹೋಗಿ, ಒಳಗಿಂದ ಯಾರೋ “ಓ ಗಂಟತ್ತೆ, ನಮಸ್ಕಾರ!” ಎಂದದ್ದಕ್ಕೆ ಹೆದರಿ, ತರಕಾರಿ ತರಲು ಬಂದವಳ ಹಾಗೆ ಅಂಗಡಿಗೆ ತಿರುಗಿ, ಬೇಡದ ಎರಡು ಕೇಜಿ ಆಲೂಗಡ್ಡೆ ತಂದಳು. ಮಾವ ಏನೂ ಕೇಳದೆ ಅದನ್ನು ಬುಟ್ಟಿಗೆ ಸುರಿದ.

ಹನ್ನೊಂದನೇ ದಿನ ವಿಚಾರಣೆ. ಬೆಳಿಗ್ಗೆ ಅವಳು ತನ್ನ ಅತಿ ಸಣ್ಣ ಕತ್ತರಿಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. “ಹೋಗಿ ಬರ್ತೀನಿ” ಎಂದಳು. ಮಾವ, “ನಾನೂ ಬರ್ಲಾ?” ಎಂದದ್ದಕ್ಕೆ, “ಬೇಡ, ನೀವು ಬಂದ್ರೆ ನಾನು ನಿಮ್ಮ ಮುಖ ನೋಡ್ತಾ ನಿಂತ್ಬಿಡ್ತೀನಿ” ಎಂದಳು.

ಮುಖ್ಯಾಧಿಕಾರಿಗಳ ಕೋಣೆಯಲ್ಲಿ, ತಟ್ಟೆಯಷ್ಟಗಲದ ಆ ಹೊಸ ಕಲೆಯನ್ನು ಯಾರೂ ತುಳಿಯದ ಹಾಗೆ ಸುತ್ತ ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ಸಾಕ್ಷಿಗೆಂದು ಗಾಜಿನ ಪೆಟ್ಟಿಗೆ. ಗುಡಿಸುವಾಕೆ ಗೋಡೆಗೆ ಒರಗದೆ ನಿಂತಿದ್ದಳು. ಹೆಡ್ ಗುಮಾಸ್ತ ಅವಳ ತಪ್ಪೊಪ್ಪಿಗೆಯನ್ನು ಓದುತ್ತಿದ್ದ. ಹುರುಳಿಕಾಯಿ ಬೀಜದ ಆಕಾರದ ಕಲೆಯನ್ನು ತಾನು ಒಂದು ಸೋಮವಾರ ಬೆಳಿಗ್ಗೆ ಸೋಪಿನ ನೀರು, ನಿಂಬೆರಸ ಹಾಕಿ ಉಜ್ಜಿ ತೆಗೆದದ್ದು ನಿಜ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಇನ್ನು ಮುಂದೆ ಯಾವ ಕಲೆಯನ್ನೂ ಕೇಳದೆ ತೆಗೆಯುವುದಿಲ್ಲ, ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದಿತ್ತು.

“ನಿಲ್ಸಿ” ಎಂದಳು ಗಂಟತ್ತೆ, ಬಾಗಿಲಿಂದಲೇ. “ಅಲ್ಲಿ ಕಲೆ ಇರ್ಲಿಲ್ಲ. ನಾನು ಕಾಫಿ ಚೆಲ್ಲಿದ್ದು, ನನ್ನ ಮನೇಲಿ, ನನ್ನ ಕೆಲಸದ ಮೇಲೆ. ಮುಚ್ಚೋಕೆ ಕಂದು ಗಂಟು ಹಾಕ್ದೆ. ಆಮೇಲೆ ಸುಳ್ಳು ಹೇಳ್ದೆ.”

ಮುಖ್ಯಾಧಿಕಾರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ನೋಡಿದ್ರೇನ್ರೀ? ಒಬ್ಬ ಬಡವಳನ್ನ ಉಳಿಸೋಕೆ ತನ್ನ ಹೆಸರನ್ನೇ ಕೆಡಿಸ್ಕೊಳ್ತಿದಾರೆ. ಇದು ದೊಡ್ಡತನ ಅಂದ್ರೆ!”

“ದೊಡ್ಡತನ ಅಲ್ಲ ಸಾರ್. ತಪ್ಪು ಮಾಡಿದೀನಿ.”

“ತಪ್ಪು ಮಾಡೋರು ಹೀಗೆ ಒಪ್ಕೊಳ್ತಾರೇನ್ರೀ?” ಎಂದು ಅವರು ಹೆಡ್ ಗುಮಾಸ್ತನ ಕಡೆ ತಿರುಗಿದರು. ಅವನು ತನ್ನ ಸರ್ವೀಸಿನಲ್ಲಿ ಅಂಥವರನ್ನು ಕಂಡಿಲ್ಲ ಎಂದ. ಇಬ್ಬರಿಗೂ ಕಣ್ಣು ಒದ್ದೆಯಾಗಿತ್ತು. ಅವಳ ಹೇಳಿಕೆಯನ್ನು ಔದಾರ್ಯ ಎಂಬ ತಲೆಬರಹದಲ್ಲಿ ಬರೆದುಕೊಳ್ಳಲು ಹೆಡ್ ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.

ಮೂವತ್ತೊಂದು ವರ್ಷ ಕೂಡಿಟ್ಟ ಒಳ್ಳೆಯ ಹೆಸರು ಹೀಗೆ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎಂದು ಗಂಟತ್ತೆ ಎಣಿಸಿರಲಿಲ್ಲ. ಅವಳಿಗೆ ರೇಗಿಹೋಯಿತು. ನೇರ ಹೋಗಿ ಗಾಜಿನ ಪೆಟ್ಟಿಗೆಯ ಮುಚ್ಚಳ ಎತ್ತಿದಳು, ಪುಟ್ಟ ಮೇಜು ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ ರತ್ನಗಂಬಳಿಯನ್ನು ಎಳೆದುಕೊಂಡಳು, ಕತ್ತರಿ ತೆಗೆದಳು.

“ಅಮ್ಮಾ, ಅದು ಕಚೇರಿ ಸ್ವತ್ತು! ಅನುಮತಿ ಇಲ್ದೆ...” ಎಂದು ಹೆಡ್ ಗುಮಾಸ್ತ ಕೂಗಿದ.

“ಬರ್ಕೊಳ್ಳಿ. ಯಾವ ದಿನ ಅಂದ್ರೆ ಇವತ್ತು. ಯಾರು ಅಂದ್ರೆ ನಾನು.”

ಎಲ್ಲರ ಕಣ್ಣೆದುರಿಗೆ ಅವಳು ಕಂದು ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದಳು. ಪಕ್ಕದ ಹಸಿರು ಎಲೆಯೊಂದರ ತುದಿಯೂ ಕತ್ತರಿಗೆ ಸಿಕ್ಕಿ ಹಾರಿತು, ಅವಳು ನಿಲ್ಲಿಸಲಿಲ್ಲ. ಕೊನೆಯದು ಬಿದ್ದ ಮೇಲೆ ಬಟ್ಟೆಯನ್ನು ಮುಖ್ಯಾಧಿಕಾರಿಗಳ ಮೂಗಿನ ಕೆಳಗೆ ಹಿಡಿದಳು. ಬಟ್ಟೆಯೊಳಕ್ಕೆ ಇಳಿದ ಕಾಫಿ, ಅದರ ಸುತ್ತ ಒಣಗಿದ ಕಪ್ಪು ಗೆರೆ, ನಡುನಡುವೆ ಮೊದಲು ಕತ್ತರಿಸಿದ ಕೆನೆ ದಾರದ ಮೋಟು ತುದಿಗಳು. ಮುಖ್ಯಾಧಿಕಾರಿಗಳು ಭೂತಗನ್ನಡಿ ಹಿಡಿದು ನೋಡಿದರು. ಸಾಲದೆಂದು ಮೂಸಿಯೂ ನೋಡಿದರು. ಅವರ ಮುಖ ಇಳಿಯಿತು. ತಾವು ನಂಬಿದ ದೇವರು ಇದ್ದಕ್ಕಿದ್ದಂತೆ ಎದ್ದು ಬಂದು ಕಾಫಿ ಚೆಲ್ಲಿತಲ್ಲ ಎಂಬ ಸಂಕಟ ಪಾಪ ಅವರದು.

“ಹಾಗಾದ್ರೆ ಕಲೆ ಇರ್ಲಿಲ್ಲ” ಎಂದರು.

“ಇರ್ಲಿಲ್ಲ.”

“ಈಗ ಇದೆ” ಎಂದ ಹೆಡ್ ಗುಮಾಸ್ತ, ಕುರ್ಚಿಗಳ ಬೇಲಿಯೊಳಗಿನ ತಟ್ಟೆಯಗಲದ ಕಲೆಯನ್ನು ನೋಡುತ್ತ. ಅದನ್ನು ಸುರಿದವನು ತಾನೇ ಎಂಬುದು ಅವನಿಗೆ ಆಗ ಹೊಳೆದಂತಿತ್ತು.

ಎಲ್ಲರೂ ಗುಡಿಸುವಾಕೆಯ ಕಡೆ ತಿರುಗಿದರು. ಮುಖ್ಯಾಧಿಕಾರಿಗಳು ಗಂಟಲು ಸರಿಮಾಡಿಕೊಂಡು, ನೋಟೀಸು ರದ್ದಾಯಿತು, ಇವತ್ತಿನಿಂದಲೇ ಕೆಲಸಕ್ಕೆ ಸೇರಿಕೊಳ್ಳಮ್ಮಾ ಎಂದರು. “ಹಾಗೇ, ಮೊದ್ಲು ಇದನ್ನೊಂದು ಸ್ವಲ್ಪ ತೊಳೆದ್ಬಿಡು.”

ಗುಡಿಸುವಾಕೆ ಅಲ್ಲಾಡಲಿಲ್ಲ.

“ಬರೆದು ಕೊಡಿ ಸಾರ್” ಎಂದಳು. “ಯಾವ ದಿನ ತೆಗೀಬೇಕು, ಯಾವುದ್ರಿಂದ ತೆಗೀಬೇಕು, ಯಾರ ಅಪ್ಪಣೆ ಮೇಲೆ. ಬರೆದು ಸಹಿ ಮಾಡಿ ಕೊಡಿ.”

ಹೆಡ್ ಗುಮಾಸ್ತ ನಗಲು ಹೋದ. ಮುಖ್ಯಾಧಿಕಾರಿಗಳು ನಗಲಿಲ್ಲವಾದ್ದರಿಂದ ಅವನೂ ನಿಲ್ಲಿಸಿದ. ಕಾಗದ ತರಿಸಿದರು, ಬರೆದರು. ಸೋಪು ಎಂದು ಬರೆದದ್ದಕ್ಕೆ ಅವಳು ನಿಂಬೆಹಣ್ಣನ್ನೂ ಸೇರಿಸಿ ಎಂದಳು, ಸೇರಿಸಿದರು. ಅವಳ ಹೆಸರು ಬರೆಯುವಾಗ ಹೆಡ್ ಗುಮಾಸ್ತನ ಪೆನ್ನು ನಿಂತಿತು. ಇಪ್ಪತ್ತೆರಡು ವರ್ಷ ಅವನು ಅವಳನ್ನು ಏನಮ್ಮಾ ಎಂದೇ ಕರೆದಿದ್ದ. ಅವಳೇ ಹೇಳಿ ಬರೆಸಿದಳು. ಮುದ್ರೆ ಬಿತ್ತು.

ಹೊರಗಿನ ನಲ್ಲಿಯಲ್ಲಿ ಅವಳು ಬಕೆಟ್ಟಿಗೆ ನೀರು ಹಿಡಿಯುವಾಗ ಗಂಟತ್ತೆ ಪಕ್ಕದಲ್ಲಿ ಹೋಗಿ ನಿಂತಳು.

“ತಪ್ಪಾಯ್ತು ಕಣಮ್ಮಾ. ಅವತ್ತು ನೀನು ಮನೆಗೆ ಬಂದಾಗಲೇ ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು” ಎಂದಳು ಗುಡಿಸುವಾಕೆ, ನಲ್ಲಿಯಿಂದ ಕಣ್ಣು ತೆಗೆಯದೆ. “ಬೇರೆ ಏನಲ್ಲ ಅಕ್ಕಾ, ನೀವು ಹೇಗಿತ್ತು ಅಂತ ಹೇಳಿದ್ರಲ್ಲ, ಆಮೇಲೆ ನಂಗೆ ನೆನಪು ಬರೋಕೆ ಶುರುವಾಯ್ತು. ಮಂಡಿ ಊರಿ ಉಜ್ಜಿದ್ದು, ನಿಂಬೆಹಣ್ಣಿಗೆ ಕೈ ಉರಿದಿದ್ದು, ಎಲ್ಲ. ಕೊನೆಗೆ ಕಲೆ ಹೋಗಿ ಬೆಳ್ಳಗಾದಾಗ ಖುಷಿಯಾಗಿದ್ದೂ ನೆನಪಾಯ್ತು. ಬೈಸ್ಕೊಂಡ್ರೂ ಪರವಾಗಿಲ್ಲ, ನಾನು ಏನೋ ತೊಳೆದಿದೀನಿ ಅಂತ ಈ ಆಫೀಸಲ್ಲಿ ಒಂದು ಸಲ ಗಮನಿಸಿದ್ರಲ್ಲ ಅನಿಸಿತ್ತು. ಈಗ ನೋಡಿದ್ರೆ ಅದೂ ಇಲ್ಲ.”

ಅಳಲು ತನಗೇನು ಹಕ್ಕು ಎನಿಸಿ ಗಂಟತ್ತೆ ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಕೆಟ್ಟಿನ ಹಿಡಿಗೆ ಕೈ ಹಾಕಿದಳು.

“ನಡಿ, ನಾನೂ ಉಜ್ತೀನಿ. ಆ ಕಲೆಗೂ ನಾನೇ ಕಾರಣ.”

ಗುಡಿಸುವಾಕೆ ಅವಳ ಕೈಯನ್ನು ಮೆಲ್ಲಗೆ ಹಿಡಿಯಿಂದ ಬಿಡಿಸಿದಳು. ಒದ್ದೆ ಬೆರಳನ್ನು ಸೀರೆಗೆ ಒರೆಸಿಕೊಂಡು, ರವಿಕೆಯೊಳಗಿಂದ ಮಡಚಿದ ಕಾಗದ ತೆಗೆದು ಬಿಡಿಸಿ, ಹೆಸರಿದ್ದ ಸಾಲನ್ನು ತೋರಿಸಿದಳು.

“ಆಗಲ್ಲ ಅಕ್ಕಾ. ಇದ್ರಲ್ಲಿ ನನ್ನ ಹೆಸರು ಮಾತ್ರ ಇದೆ” ಎಂದಳು.

ಕಾಗದವನ್ನು ನೀರು ತಾಗದ ಹಾಗೆ ಮತ್ತೆ ಮಡಚಿಟ್ಟುಕೊಂಡು, ಬಕೆಟ್ಟು ಎತ್ತಿಕೊಂಡು, ಮುಂದಿನ ಬಾಗಿಲಿನಿಂದಲೇ ಒಳಗೆ ಹೋದಳು.